ಬಿಷಪ್ ಕಾಟನ್ ಬಾಲಕರ ಶಾಲೆ, ಬೆಂಗಳೂರು

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆಗಳ ನಡುವೆ, ಸುಮಾರು 14 ಎಕರೆ ಆವರಣದಲ್ಲಿರುವ ಪ್ರೌಢಶಾಲೆ. ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ 1865ರಲ್ಲಿ ಇದನ್ನು ಆರಂಭಿಸಿದರು. ಆಗ ಕಲ್ಕತ್ತದ ಬಿಷಪ್ ಆಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಅವರ ಹೆಸರನ್ನು ಶಾಲೆ ಹೊತ್ತಿದೆ. ಬ್ರಿಟಿಷ್ ಸೇನಾ ನೆಲೆಯಾಗಿದ್ದ ದಂಡಿನ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಹುಟ್ಟಿದ ಈ ಸಂಸ್ಥೆ ಈಗ ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಕರ್ನಾಟಕ ಸೆಂಟ್ರಲ್ ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಐಸಿಎಸ್‌ಇ ಮತ್ತು ಐಎಸ್‌ಸಿ ಪಠ್ಯಕ್ರಮಗಳಲ್ಲಿ ಎಲ್ಲ ಮತಗಳ ಹುಡುಗರಿಗೂ ಪಾಠ ಹೇಳುತ್ತಿದೆ. ಒಂದು ಸಣ್ಣ ಸಮುದಾಯದ ಶಾಲೆ ಒಂದು ದೊಡ್ಡ ನಗರದ ಶಾಲೆಯಾದದ್ದೇ ಇದರ ಚರಿತ್ರೆಯ ತಿರುಳು.

ಹಿನ್ನೆಲೆ: ದಂಡು ಮತ್ತು ಪೇಟೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನೆ ಮೊದಲು ಅಲ್ಲಿಯೇ ಬೀಡುಬಿಟ್ಟಿತ್ತು. ಆ ಊರಿನ ಹವೆ ಸೈನಿಕರಿಗೆ ಒಗ್ಗಲಿಲ್ಲ. 1809ರ ವೇಳೆಗೆ ಸೇನೆ ಬೆಂಗಳೂರಿನ ಪೇಟೆಯ ಪೂರ್ವಕ್ಕೆ, ಹಲಸೂರಿನ ಸುತ್ತಮುತ್ತ ನೆಲೆಯೂರಿತು. ಜನ ಅದನ್ನು ದಂಡು ಎಂದು ಕರೆದರು. ಸೇನೆಯ ಹಿಂದೆ ಗುಮಾಸ್ತರು, ವರ್ತಕರು, ದರ್ಜಿಗಳು, ಬಾಣಸಿಗರು ಬಂದರು. ಬಂದವರಲ್ಲಿ ಹೆಚ್ಚಿನವರು ತಮಿಳು ಅಥವಾ ಉರ್ದು ಆಡುವವರು. ಕನ್ನಡ ಮತ್ತು ತೆಲುಗು ಕೇಳಿಬರುತ್ತಿದ್ದ ಹಳೆಯ ಪೇಟೆಗೂ ಈ ಹೊಸ ಊರಿಗೂ ನಡುವೆ ಇದ್ದದ್ದು ಕೆಲವೇ ಮೈಲಿ ಅಂತರ. ಆಡಳಿತ, ಭಾಷೆ, ಉಡುಗೆ, ಊಟ ಎಲ್ಲವೂ ಬೇರೆಬೇರೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗಲೂ ದಂಡಿನ ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲೇ ಉಳಿಯಿತು.

ದಂಡಿನ ಆಂಗ್ಲಿಕನ್ ಜೀವನಕ್ಕೆ ಕೇಂದ್ರವಾಗಿದ್ದದ್ದು ಸೇಂಟ್ ಮಾರ್ಕ್ಸ್ ಚರ್ಚು. 1808ರಲ್ಲಿ ಕಟ್ಟಲು ಆರಂಭಿಸಿ 1812ರಲ್ಲಿ ಮುಗಿಸಿದ ಈ ಚರ್ಚನ್ನು 1816ರಲ್ಲಿ ಕಲ್ಕತ್ತದ ಬಿಷಪ್ ಪ್ರತಿಷ್ಠಾಪಿಸಿದರು. ಇಲ್ಲಿಗೆ ಬರುತ್ತಿದ್ದವರಲ್ಲಿ ಅಧಿಕಾರಿಗಳೂ ಇದ್ದರು, ನಿವೃತ್ತ ಸೈನಿಕರೂ ಇದ್ದರು. ಯುರೋಪಿಯನ್ ತಂದೆ, ಭಾರತೀಯ ತಾಯಿಯ ಮನೆತನಗಳಿಂದ ಬಂದ ಮಿಶ್ರ ಸಂತತಿಯವರೂ ಇದ್ದರು. ಅವರನ್ನು ಆಗ ಯುರೇಷಿಯನ್ ಎಂದು ಕರೆಯುತ್ತಿದ್ದರು. ಆಂಗ್ಲೋ ಇಂಡಿಯನ್ ಎಂಬ ಹೆಸರು ಅವರಿಗೆ ಅಧಿಕೃತವಾಗಿ ಸಂದದ್ದು 1911ರ ಜನಗಣತಿಯಲ್ಲಿ. ಉಳ್ಳವರು ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಅಷ್ಟು ಶಕ್ತಿಯಿಲ್ಲದ ಗುಮಾಸ್ತನ ಮಗನಿಗೂ ಪಿಂಚಣಿದಾರನ ಮಗನಿಗೂ ಊರಿನಲ್ಲಿ ತಕ್ಕ ಶಾಲೆ ಇರಲಿಲ್ಲ.

ಬಿಷಪ್ ಕಾಟನ್ ಮತ್ತು ಅವರ ಯೋಜನೆ

ಕಾಟನ್ 1813ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಹುಟ್ಟಿದರು. ಅವರು ಹಸುಗೂಸಾಗಿದ್ದಾಗಲೇ ಸೇನಾಧಿಕಾರಿಯಾಗಿದ್ದ ತಂದೆ ನಿವೆಲ್ ಕದನದಲ್ಲಿ ಮಡಿದರು. ಕೇಂಬ್ರಿಜ್‌ನಲ್ಲಿ ಓದಿ ಮುಗಿಸಿದ ಮೇಲೆ 1837ರಲ್ಲಿ ರಗ್ಬಿ ಶಾಲೆಗೆ ಉಪಾಧ್ಯಾಯರಾಗಿ ಸೇರಿದರು. ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು ಇಂಗ್ಲಿಷ್ ಶಾಲಾಶಿಕ್ಷಣದ ದಿಕ್ಕನ್ನೇ ಬದಲಿಸಿದ ಥಾಮಸ್ ಆರ್ನಾಲ್ಡ್. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಬರುವ ತರುಣ ಮೇಷ್ಟರ ಪಾತ್ರಕ್ಕೆ ಕಾಟನ್ನರೇ ಮಾದರಿ.

1852ರಲ್ಲಿ ಅವರು ಮಾರ್ಲ್‌ಬರೊ ಕಾಲೇಜಿನ ಮುಖ್ಯಸ್ಥರಾದರು. ಹಿಂದಿನ ವರ್ಷವಷ್ಟೇ ಅಲ್ಲಿ ಹುಡುಗರು ದಂಗೆ ಎದ್ದಿದ್ದರು, ಶಾಲೆ ಸಾಲದಲ್ಲಿ ಮುಳುಗಿತ್ತು. ಕಾಟನ್ ಬೆತ್ತವನ್ನೇ ನಂಬಿ ಕೂರಲಿಲ್ಲ. ಮಧ್ಯಾಹ್ನ ಊರ ಸುತ್ತ ಅಲೆಯುತ್ತಿದ್ದ ಹುಡುಗರನ್ನು ಮೈದಾನಕ್ಕೆ ತಂದು ಕ್ರಮಬದ್ಧ ಆಟಗಳಿಗೆ ಹಚ್ಚಿದರು. ಹಿರಿಯ ವಿದ್ಯಾರ್ಥಿಗಳಿಗೆ ಪ್ರಿಫೆಕ್ಟ್ ಪದವಿ ಕೊಟ್ಟು ಕಿರಿಯರ ಹೊಣೆ ಹೊರಿಸಿದರು. ಶಾಲೆಯ ಪ್ರಾರ್ಥನಾ ಮಂದಿರವಾದ ಚಾಪೆಲ್, ಅದರ ಜೊತೆಗೆ ಮೈದಾನ, ಪ್ರಿಫೆಕ್ಟ್ ಎಂಬ ಈ ಮೂರನ್ನೂ ಮುಂದೆ ಅವರ ಹೆಸರಿನ ಭಾರತೀಯ ಶಾಲೆಗಳು ಅನುಸರಿಸಿದವು.

1858ರಲ್ಲಿ ಕಾಟನ್ ಕಲ್ಕತ್ತದ ಬಿಷಪ್ ಆಗಿ ಬಂದಾಗ 1857ರ ಬಂಡಾಯದ ಬಿಸಿ ಆರಿರಲಿಲ್ಲ. ಬಂಡಾಯ ಅಡಗಿದ್ದಕ್ಕಾಗಿ 1859ರ ಜುಲೈ 28ರಂದು ಚರ್ಚುಗಳಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಯಿತು. ಅಂದು ಸಂಗ್ರಹವಾದ ಕಾಣಿಕೆಯನ್ನು ಬೆಟ್ಟದ ಮೇಲೊಂದು ಶಾಲೆ ಕಟ್ಟಲು ಬಳಸಬೇಕೆಂದು ಅವರು ಕೋರಿದರು. ಶಿಮ್ಲಾದ ಬಿಷಪ್ ಕಾಟನ್ ಶಾಲೆ ಹುಟ್ಟಿದ್ದು ಹೀಗೆ. ಮರುವರ್ಷ ಗವರ್ನರ್ ಜನರಲ್ ಕ್ಯಾನಿಂಗ್ ಈ ಯೋಜನೆಯನ್ನು ಬೆಂಬಲಿಸಿ ಟಿಪ್ಪಣಿ ಬರೆದರು. ಯುರೇಷಿಯನ್ ಮಕ್ಕಳನ್ನು ಶಿಕ್ಷಣವಿಲ್ಲದೆ ಬಿಟ್ಟರೆ ಅದು ಸರ್ಕಾರಕ್ಕೇ ಕಳಂಕ ಎಂಬುದು ಅವರ ವಾದ. ಹೀಗೆ ಚರ್ಚಿನ ಕಾಳಜಿಗೆ ಸರ್ಕಾರದ ಹಿತಾಸಕ್ತಿಯೂ ಜೊತೆಯಾಯಿತು. ರೈಲ್ವೆ, ತಂತಿ ಮತ್ತು ಸುಂಕದ ಇಲಾಖೆಗಳಿಗೆ ಇಂಗ್ಲಿಷ್ ಬಲ್ಲ, ತನಗೆ ನಿಷ್ಠರಾದ ನೌಕರರು ಆಡಳಿತಕ್ಕೆ ಬೇಕಾಗಿದ್ದರು.

1866ರ ಅಕ್ಟೋಬರ್ 6ರಂದು ಬಂಗಾಳದ ಕುಷ್ಟಿಯಾದಲ್ಲಿ ಸ್ಮಶಾನವೊಂದನ್ನು ಪ್ರತಿಷ್ಠಾಪಿಸಿದ ಕಾಟನ್, ಸಂಜೆ ಹಡಗಿಗೆ ಮರಳುವಾಗ ಹಲಗೆಯ ಮೇಲೆ ಕಾಲು ಜಾರಿ ಗೊರಾಯ್ ನದಿಗೆ ಬಿದ್ದರು. ಅವರ ಶರೀರ ಸಿಗಲಿಲ್ಲ. ಬೆಂಗಳೂರಿನ ಶಾಲೆಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ಸ್ಥಾಪನೆ

ಪೆಟಿಗ್ರೂ ಸೇಂಟ್ ಮಾರ್ಕ್ಸ್ ಚರ್ಚಿನ ಚಾಪ್ಲಿನ್ ಆಗಿದ್ದವರು, ಎಂದರೆ ಸರ್ಕಾರದಿಂದ ಸಂಬಳ ಪಡೆಯುತ್ತಿದ್ದ ಪಾದ್ರಿ. ನಿವೃತ್ತಿಯ ನಂತರ ತಮ್ಮ ಭಾರತದ ದಿನಗಳನ್ನು ನೆನೆದು ಬರೆದ ಪುಸ್ತಕ 1882ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚರ್ಚಿಗೆ ಬರುವ ಮನೆತನಗಳ ಮಕ್ಕಳಿಗೆ ಕೈಗೆಟುಕುವ ಶುಲ್ಕದಲ್ಲಿ ಒಳ್ಳೆಯ ಶಿಕ್ಷಣ ಕೊಡಿಸಬೇಕೆಂಬುದು ಅವರ ಬಯಕೆಯಾಗಿತ್ತು. 1865ರ ಏಪ್ರಿಲ್ 19ರಂದು ಹೈಗ್ರೌಂಡ್ಸ್ ಭಾಗದ ಬಂಗಲೆಯೊಂದರಲ್ಲಿ ಶಾಲೆ ತೆರೆಯಿತು. ಮದ್ರಾಸಿನ ದಿಕ್ಕಿನಿಂದ ಬರುವ ರೈಲು ಜೋಲಾರ್‌ಪೇಟೆಯ ಮೂಲಕ ಬೆಂಗಳೂರು ದಂಡನ್ನು ಮುಟ್ಟಿದ್ದು ಅದರ ಹಿಂದಿನ ವರ್ಷ. ಬೇರೆ ಊರುಗಳಿಂದ ಮಕ್ಕಳನ್ನು ತಂದು ಬೋರ್ಡಿಂಗಿನಲ್ಲಿ ಬಿಡಲು ಇದರಿಂದ ಅನುಕೂಲವಾಯಿತು. ಕೊಡಗಿನ ಕಾಫಿ ತೋಟಗಳ ಕುಟುಂಬಗಳೂ ಮಕ್ಕಳನ್ನು ಇಲ್ಲಿಗೆ ಕಳಿಸತೊಡಗಿದವು.

ಈ ಶಾಲೆಯನ್ನು ಅದೇ ಕಾಲದ ಮಿಷನ್ ಶಾಲೆಗಳ ಜೊತೆ ಸೇರಿಸಿ ನೋಡಿದರೆ ಚಿತ್ರ ಗೊಂದಲವಾಗುತ್ತದೆ. ವೆಸ್ಲಿಯನ್ ಮಿಷನ್ ಮತ್ತು ಲಂಡನ್ ಮಿಷನ್ನಿನವರು ಸ್ಥಳೀಯ ಜನರ ನಡುವೆ ಕೆಲಸ ಮಾಡಲು ಬಂದವರು. ಅವರು ಕನ್ನಡ ಕಲಿತರು, ಕನ್ನಡ ಶಾಲೆಗಳನ್ನು ತೆರೆದರು, ಮುದ್ರಣಾಲಯ ಇಟ್ಟು ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮಾಡಿದ್ದೂ ಇದೇ ಕೆಲಸ. ಬಿಷಪ್ ಕಾಟನ್ ಆ ಬಗೆಯ ಶಾಲೆಯಲ್ಲ. ಆಗಲೇ ಕ್ರೈಸ್ತರಾಗಿದ್ದ ಒಂದು ಸಮುದಾಯದ ಮಕ್ಕಳಿಗಾಗಿ ಅವರ ಚರ್ಚೇ ನಡೆಸಿದ ಶಾಲೆ ಇದು. ಮತಪ್ರಚಾರ ಇದರ ಗುರಿಯಾಗಿರಲಿಲ್ಲ. ಸುತ್ತಲಿನ ಜನರ ಭಾಷೆಯನ್ನು ಕಲಿಯಲೇಬೇಕಾದ ಅಗತ್ಯವೂ ಇದಕ್ಕೆ ಬೀಳಲಿಲ್ಲ. ಕನ್ನಡದ ಜೊತೆ ಈ ಶಾಲೆಯ ಸಂಬಂಧ ತಡವಾಗಿ ಬೆಳೆದದ್ದಕ್ಕೆ ಕಾರಣ ಇಲ್ಲಿದೆ.

ಜಿ. ಯು. ಪೋಪ್ ಅವರ ಕಾಲ

ಈ ಶಾಲೆಯ ಮುಖ್ಯಸ್ಥರನ್ನು ಬಹುಕಾಲ ವಾರ್ಡನ್ ಎಂದು ಕರೆಯಲಾಗುತ್ತಿತ್ತು. ಆ ಹುದ್ದೆಗೆ ಬಂದ ಮೊದಲ ದೊಡ್ಡ ಹೆಸರು ಜಾರ್ಜ್ ಅಗ್ಲೊ ಪೋಪ್. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1820ರಲ್ಲಿ ಹುಟ್ಟಿದ ಅವರು ಇಪ್ಪತ್ತು ತುಂಬುವ ಮೊದಲೇ ತಮಿಳುನಾಡಿಗೆ ಬಂದರು. ತೂತುಕುಡಿ ಸೀಮೆಯ ಸಾಯರ್‌ಪುರಂ, ತಂಜಾವೂರು, ಉದಕಮಂಡಲಗಳಲ್ಲಿ ಶಾಲೆಗಳನ್ನು ನಡೆಸಿದ ಅನುಭವ ಅವರಿಗಿತ್ತು. 1871ರಿಂದ 1882ರವರೆಗೆ ಬೆಂಗಳೂರಿನಲ್ಲಿದ್ದರು. ಶಾಲೆ ಈಗಿನ ವಿಶಾಲ ನಿವೇಶನಕ್ಕೆ ಬಂದದ್ದೂ 1870ರ ದಶಕದ ಆರಂಭದಲ್ಲೇ. ಬಂಗಲೆಯಲ್ಲಿ ನಡೆಯುತ್ತಿದ್ದ ಶಾಲೆಗೆ ಮೈದಾನವೂ ಬೋರ್ಡಿಂಗ್ ಮನೆಗಳೂ ಒದಗಿದ್ದರಿಂದ ಕಾಟನ್ ಕಲ್ಪಿಸಿದ್ದ ಬಗೆಯ ಶಿಕ್ಷಣ ಇಲ್ಲಿ ಸಾಧ್ಯವಾಯಿತು.

ಪೋಪ್ ಹೆಸರು ಇಂದು ಉಳಿದಿರುವುದು ತಮಿಳು ವಿದ್ವಾಂಸರಾಗಿ. ಇಂಗ್ಲೆಂಡಿಗೆ ಮರಳಿ ಆಕ್ಸ್‌ಫರ್ಡಿನಲ್ಲಿ ತಮಿಳು, ತೆಲುಗು ಕಲಿಸುತ್ತ ಅವರು ತಿರುಕ್ಕುರಳ್ (1886), ನಾಲಡಿಯಾರ್ (1893), ತಿರುವಾಚಕಗಳನ್ನು (1900) ಇಂಗ್ಲಿಷಿಗೆ ತಂದರು. ಅವರು ಇಲ್ಲಿ ವಾರ್ಡನ್ ಆಗಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಬಿ. ಎಲ್. ರೈಸ್ ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸುತ್ತಿದ್ದರು. ರೈಸ್ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಶಿಕ್ಷಣ ಇಲಾಖೆಗೆ ಬಂದವರು. ಅವರ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' 1879ರಲ್ಲಿ ಪ್ರಕಟವಾಯಿತು. ಒಂದೇ ಊರಿನಲ್ಲಿದ್ದ ಇಬ್ಬರು ಇಂಗ್ಲಿಷ್ ಶಿಕ್ಷಕರು ಎರಡು ದ್ರಾವಿಡ ಭಾಷೆಗಳ ಹಳೆಯ ಸಂಪತ್ತನ್ನು ಹೊರ ಜಗತ್ತಿಗೆ ತೋರಿಸಿಕೊಟ್ಟರು. ಪೇಟೆ ಮತ್ತು ದಂಡು ಎಂಬ ಒಡಕು ಅವರ ಕೆಲಸದಲ್ಲೂ ಕಾಣುತ್ತದೆ. ಶಾಸನಗಳ ಬೆನ್ನುಹತ್ತಿದವರು ಮೈಸೂರು ಸರ್ಕಾರದ ನೌಕರ, ತಮಿಳಿಗೆ ಒಲಿದವರು ದಂಡಿನ ಪಾದ್ರಿ.

ಪಾಕೆನ್‌ಹ್ಯಾಮ್ ವಾಲ್ಷ್ ಮತ್ತು ಪುನಶ್ಚೇತನ

ಶಾಲೆಯ ಮತ್ತೊಂದು ಏಳಿಗೆಯ ಕಾಲ 1907ರಿಂದ 1914ರವರೆಗಿನದು. ಆಗ ವಾರ್ಡನ್ ಆಗಿದ್ದವರು ಹರ್ಬರ್ಟ್ ಪಾಕೆನ್‌ಹ್ಯಾಮ್ ವಾಲ್ಷ್. ಡಬ್ಲಿನ್‌ನಲ್ಲಿ ಹುಟ್ಟಿದ ಇವರು ಛೋಟಾ ನಾಗಪುರದಲ್ಲಿ ಮಿಷನರಿಯಾಗಿ ದುಡಿದು, ತಿರುಚಿನಾಪಳ್ಳಿಯ ಬಿಷಪ್ ಹೀಬರ್ ಕಾಲೇಜನ್ನು ನಡೆಸಿ ಬೆಂಗಳೂರಿಗೆ ಬಂದರು. ಇಲ್ಲಿಂದ ಹೋದ ಮೇಲೆ 1915ರಲ್ಲಿ ಅಸ್ಸಾಮಿನ ಬಿಷಪ್ ಆದರು. ಕೊನೆಯ ವರ್ಷಗಳನ್ನು ಕೊಯಮತ್ತೂರಿನ ಬಳಿಯ ತಡಾಗಂನ ಕ್ರೈಸ್ತ ಆಶ್ರಮದಲ್ಲಿ ಕಳೆದರು. ಪೆಟಿಗ್ರೂ, ಪೋಪ್, ಪಾಕೆನ್‌ಹ್ಯಾಮ್ ವಾಲ್ಷ್ ಈ ಮೂವರ ಹೆಸರುಗಳೂ ಶಾಲೆಯ ಹೌಸುಗಳಲ್ಲಿ, ಅಂದರೆ ವಿದ್ಯಾರ್ಥಿ ತಂಡಗಳಲ್ಲಿ, ಉಳಿದುಕೊಂಡಿವೆ.

ಇದೇ ಶಾಲೆಯ ಮೂಲದಿಂದ ಬೆಳೆದದ್ದು ಬಿಷಪ್ ಕಾಟನ್ ಬಾಲಕಿಯರ ಶಾಲೆ. 20ನೆಯ ಶತಮಾನದ ಮೊದಲ ಭಾಗದಲ್ಲಿ ಅದು ರಸ್ತೆಯ ಆಚೆ ಬದಿಯಲ್ಲಿ ಪ್ರತ್ಯೇಕ ಆವರಣ ಮತ್ತು ಆಡಳಿತ ಪಡೆದು ಬೆಳೆಯಿತು. ಮೇಲುಕೋಟೆಯಲ್ಲಿ ಹುಟ್ಟಿ ಮುಂದೆ ತಮಿಳುನಾಡಿನ ಮುಖ್ಯಮಂತ್ರಿಯಾದ ಜೆ. ಜಯಲಲಿತಾ ಮದ್ರಾಸಿಗೆ ಹೋಗುವ ಮುನ್ನ ಅಲ್ಲಿ ಓದಿದ್ದರು.

ದಿನಚರಿ ಮತ್ತು ಹೌಸ್ ಪದ್ಧತಿ

ಶಾಲೆಯ ಲ್ಯಾಟಿನ್ ಧ್ಯೇಯವಾಕ್ಯ 'ನೆಕ್ ಡೆಕ್ಸ್‌ಟ್ರೋರ್ಸಂ ನೆಕ್ ಸಿನಿಸ್ಟ್ರೋರ್ಸಂ', ಅಂದರೆ ಬಲಕ್ಕೂ ಎಡಕ್ಕೂ ವಾಲದೆ ನೇರ ನಡೆ ಎಂದು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುವ ಬೋಧೆ ಇದು. ಪಂದ್ಯಗಳಲ್ಲಿ ಹುಡುಗರು ಕೂಗುವ 'ಆನ್, ಸ್ಟ್ರೇಟ್ ಆನ್' ಇದರದೇ ಚಿಕ್ಕ ರೂಪ. ಹಳೆಯ ವಿದ್ಯಾರ್ಥಿಗಳು ತಮ್ಮನ್ನು ಕಾಟೋನಿಯನ್ ಎಂದು ಕರೆದುಕೊಳ್ಳುತ್ತಾರೆ.

ಈ ಬಗೆಯ ಶಾಲೆಗಳನ್ನು ಒಳಗಿನಿಂದ ಕಟ್ಟಿ ನಿಲ್ಲಿಸಿರುವುದು ಹೌಸ್ ಪದ್ಧತಿ. ಹೊಸದಾಗಿ ಸೇರಿದ ಹುಡುಗನನ್ನು ಒಂದು ಹೌಸಿಗೆ ಸೇರಿಸುತ್ತಾರೆ. ತರಗತಿ ವರ್ಷವರ್ಷವೂ ಬದಲಾಗುತ್ತದೆ, ಹೌಸು ಬದಲಾಗುವುದಿಲ್ಲ. ಐದನೆಯ ತರಗತಿಯ ಪುಟ್ಟ ಹುಡುಗನೂ ಹತ್ತನೆಯ ತರಗತಿಯ ನಾಯಕನೂ ಒಂದೇ ಬಣ್ಣದ ಬಾವುಟದಡಿ ನಿಲ್ಲುತ್ತಾರೆ. ಓಟ, ಹಾಕಿ, ಕ್ರಿಕೆಟ್, ಚರ್ಚಾಸ್ಪರ್ಧೆ, ನಾಟಕ ಎಲ್ಲದರಲ್ಲೂ ಗಳಿಸಿದ ಅಂಕ ಹೌಸಿನ ಲೆಕ್ಕಕ್ಕೆ ಸೇರುತ್ತದೆ. ಓಟದಲ್ಲಿ ಐದನೆಯವನಾಗಿ ಬಂದವನಿಗೂ ಮುಗಿಸುವವರೆಗೆ ಓಡಲು ಒಂದು ಕಾರಣ ಸಿಗುತ್ತದೆ. ಮನೆಮಾತು, ಮತ, ತಂದೆಯ ಉದ್ಯೋಗಗಳನ್ನು ಕೇಳದ ಈ ವಿಂಗಡಣೆ, ಮುಂದೆ ಬೇರೆಬೇರೆ ಸಮುದಾಯಗಳ ಮಕ್ಕಳು ಬಂದಾಗ ಬಹಳ ಉಪಯೋಗಕ್ಕೆ ಬಂತು. ಒಂದೇ ಬಗೆಯ ಮಕ್ಕಳಿಗಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದ ವ್ಯವಸ್ಥೆ ಬೆಂಗಳೂರಿನಲ್ಲಿ ಬಗೆಬಗೆಯ ಮಕ್ಕಳನ್ನು ಬೆಸೆಯಿತು.

ನಗರದ ಅಂತರ ಶಾಲಾ ಕ್ರಿಕೆಟ್ಟಿನಲ್ಲಿ ಕಾಟೋನಿಯನ್ ಶೀಲ್ಡ್ ಹೆಸರಾದ ಪಂದ್ಯಾವಳಿ. ಸಮೀಪದಲ್ಲೇ ಇರುವ ಸೇಂಟ್ ಜೋಸೆಫ್ಸ್ ಶಾಲೆಯೊಡನೆ ಮೈದಾನದ ಪೈಪೋಟಿ ತಲೆಮಾರುಗಳಿಂದ ನಡೆದುಬಂದಿದೆ. ಕ್ಯಾಥಲಿಕರ ಸೇಂಟ್ ಜೋಸೆಫ್ಸ್, ಮೆಥಡಿಸ್ಟರು 1880ರಲ್ಲಿ ತೆರೆದ ಬಾಲ್ಡ್‌ವಿನ್, 1914ರ ಕ್ಲಾರೆನ್ಸ್ ಇವೆಲ್ಲ ದಂಡಿನ ಕ್ರೈಸ್ತ ಶಾಲೆಗಳ ಒಂದೇ ಸಾಲಿಗೆ ಸೇರಿದವು.

ಯುದ್ಧಗಳು ಮತ್ತು ಸೈನಿಕರು

ಸೇನಾ ನೆಲೆಯ ಮಗ್ಗುಲಲ್ಲಿ ಬೆಳೆದ ಶಾಲೆಯಿಂದ ಸೈನಿಕರು ಬಂದದ್ದು ಸಹಜ. ಅವರಲ್ಲಿ ಇಬ್ಬರು ಕೊಡಗಿನಲ್ಲಿ ಹುಟ್ಟಿದವರು. ವಿಲಿಯಂ ಲೀಫ್ ರಾಬಿನ್ಸನ್ 1895ರಲ್ಲಿ ಪೊಲ್ಲಿಬೆಟ್ಟದ ಕಾಫಿ ತೋಟದಲ್ಲಿ ಜನಿಸಿ, ಇಲ್ಲಿ ಕೆಲಕಾಲ ಓದಿ ಇಂಗ್ಲೆಂಡಿಗೆ ಹೋದರು. 1916ರ ಸೆಪ್ಟೆಂಬರ್ 2ರ ರಾತ್ರಿ ಜರ್ಮನ್ ವಾಯುನೌಕೆಗಳು ಲಂಡನ್ನಿನ ಮೇಲೆ ದಾಳಿಗೆ ಬಂದಾಗ, ಒಂಟಿಯಾಗಿ ವಿಮಾನ ಹಾರಿಸುತ್ತಿದ್ದ ರಾಬಿನ್ಸನ್ ಎಸ್‌ಎಲ್ 11 ಎಂಬ ನೌಕೆಯನ್ನು ಬೆನ್ನಟ್ಟಿ ಗುಂಡಿನ ಮಳೆಗರೆದರು. ಅದು ಉರಿದು ಕಫ್ಲಿ ಗ್ರಾಮದ ಬಳಿ ಬಿತ್ತು. ಬ್ರಿಟನ್ನಿನ ನೆಲದ ಮೇಲೆ ಹೊಡೆದುರುಳಿಸಿದ ಮೊದಲ ಜರ್ಮನ್ ವಾಯುನೌಕೆ ಅದು. ಇದಕ್ಕಾಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಮರುವರ್ಷ ಫ್ರಾನ್ಸಿನಲ್ಲಿ ಸೆರೆಸಿಕ್ಕ ಅವರು ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ಬಂದರೂ, 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾಕ್ಕೆ ಬಲಿಯಾದರು.

ಇನ್ನೊಬ್ಬರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೂನೂರಿನಲ್ಲೂ ಬಳಿಕ ಇಲ್ಲೂ ಓದಿ, ಡೆಹರಾಡೂನಿನ ಸೈನಿಕ ಶಾಲೆಯ ಮೂಲಕ ಸ್ಯಾಂಡ್‌ಹರ್ಸ್ಟ್ ಸೇರಿದರು. ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ಕಾರ್ಯಾಚರಣೆಯ ನಾಯಕರು ಅವರೇ. 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರಾಗಿದ್ದರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಳಪತಿಯಾಗಿದ್ದಾಗಲೇ ತೀರಿಕೊಂಡರು. ತೋಟದ ದೊರೆಯ ಮಗ ಮತ್ತು ಕೊಡವ ಮನೆತನದ ಮಗ ಇಬ್ಬರೂ ಕೆಲವೇ ವರ್ಷಗಳ ಅಂತರದಲ್ಲಿ ಇಲ್ಲಿ ಕಲಿತರು ಎಂಬುದರಿಂದ, ಸ್ವಾತಂತ್ರ್ಯಕ್ಕೆ ಬಹಳ ಮೊದಲೇ ಉಳ್ಳ ಭಾರತೀಯ ಕುಟುಂಬಗಳಿಗೆ ಶಾಲೆಯ ಬಾಗಿಲು ತೆರೆದಿತ್ತು ಎಂದು ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ

1947ರಲ್ಲಿ ಶಾಲೆಯ ಸುತ್ತಲಿನ ಮೂರು ವ್ಯವಸ್ಥೆಗಳು ಒಟ್ಟಿಗೆ ಬದಲಾದವು. ಬ್ರಿಟಿಷರ ಅಧೀನದಲ್ಲಿದ್ದ ದಂಡಿನ ಪ್ರದೇಶ ಮೈಸೂರಿಗೆ ಮರಳಿತು. ದೇಶ ಸ್ವತಂತ್ರವಾಯಿತು. ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಸಿಎಸ್‌ಐ ಹುಟ್ಟಿತು. ಶಾಲೆ ಅದರ ಆಡಳಿತಕ್ಕೆ ಬಂತು. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾಯಿತು. ರೆಸಿಡೆಂಟರ ನೆನಪಿನ ರೆಸಿಡೆನ್ಸಿ ರಸ್ತೆಗೆ ಮುಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಬಂತು.

ಸಂವಿಧಾನದ 337ನೆಯ ವಿಧಿ ಆಂಗ್ಲೋ ಇಂಡಿಯನ್ ಶಿಕ್ಷಣಕ್ಕೆ ಸಿಗುತ್ತಿದ್ದ ವಿಶೇಷ ಅನುದಾನವನ್ನು ಹಂತಹಂತವಾಗಿ ಇಳಿಸುತ್ತ ಹತ್ತು ವರ್ಷಕ್ಕೆ ಕೊನೆಗೊಳಿಸಿತು. ಅಷ್ಟು ಕಾಲ ಅನುದಾನ ಬೇಕಿದ್ದರೆ ಪ್ರತಿವರ್ಷದ ಪ್ರವೇಶದಲ್ಲಿ ಕನಿಷ್ಠ ಶೇ. 40ರಷ್ಟನ್ನು ಬೇರೆ ಸಮುದಾಯದವರಿಗೆ ತೆರೆದಿಡಬೇಕೆಂಬ ಷರತ್ತನ್ನೂ ಹಾಕಿತು. ಒಂದು ಸಮುದಾಯದ ಹಕ್ಕನ್ನು ಕಾಯುತ್ತಲೇ ಅದರ ಶಾಲೆಗಳನ್ನು ದೇಶದ ಮಕ್ಕಳಿಗೆ ತೆರೆಯಿಸಿದ ವಿವೇಕದ ನಿಯಮ ಇದು. ಅದೇ ದಶಕಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. ಸಾರ್ವಜನಿಕ ವಲಯದ ಕಾರ್ಖಾನೆಗಳು ಬಂದು ಬೆಂಗಳೂರು ಬೆಳೆಯುತ್ತಿದ್ದಂತೆ ಎಂಜಿನಿಯರ್, ವೈದ್ಯ, ವ್ಯಾಪಾರಿ, ಅಧಿಕಾರಿಗಳ ಮಕ್ಕಳು ಇಂಥ ಶಾಲೆಗಳನ್ನು ತುಂಬಿದರು.

ಪರೀಕ್ಷಾ ಪದ್ಧತಿಯೂ ಬದಲಾಯಿತು. ಇಂಗ್ಲೆಂಡಿನಿಂದ ಪ್ರಶ್ನೆಪತ್ರಿಕೆ ಬರುತ್ತಿದ್ದ ಸೀನಿಯರ್ ಕೇಂಬ್ರಿಜ್ ಪರೀಕ್ಷೆಯ ಜಾಗವನ್ನು ತುಂಬಲು 1958ರಲ್ಲಿ ರೂಪುಗೊಂಡ ಮಂಡಳಿಯೇ ಈಗಿನ ಐಸಿಎಸ್‌ಇ, ಐಎಸ್‌ಸಿ ಪರೀಕ್ಷೆಗಳನ್ನು ನಡೆಸುತ್ತಿದೆ. ಅದನ್ನು ಹುಟ್ಟುಹಾಕಿದ್ದು ಆಂಗ್ಲೋ ಇಂಡಿಯನ್ ಶಿಕ್ಷಣದ ಅಂತರರಾಜ್ಯ ಮಂಡಳಿ.

ಕನ್ನಡದ ಸ್ಥಾನ

ಕನ್ನಡ ರಾಜ್ಯದ ರಾಜಧಾನಿಯಲ್ಲಿರುವ ಇಂಗ್ಲಿಷ್ ಶಾಲೆಗಳಲ್ಲಿ ಕನ್ನಡಕ್ಕೆ ಎಷ್ಟು ಜಾಗವಿರಬೇಕು ಎಂಬ ಪ್ರಶ್ನೆ 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಬೀದಿಗೆ ಬಂತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಬೋಧನಾ ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆದರೆ ಮಾಧ್ಯಮದ ಪ್ರಶ್ನೆ ಬೇರೆ, ಭಾಷೆಯಾಗಿ ಕನ್ನಡ ಕಲಿಯುವ ಪ್ರಶ್ನೆ ಬೇರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಕೇಂದ್ರ ಪಠ್ಯಕ್ರಮದ ಶಾಲೆಗಳೂ ಸೇರಿದಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. 2017–18ರಿಂದ ಅದು ಹಂತಹಂತವಾಗಿ ಜಾರಿಗೆ ಬಂದಿದೆ. ಶಾಲೆ 150 ವರ್ಷ ಪೂರೈಸಿದ ವರ್ಷವೇ ಈ ಕಾನೂನು ಬಂದದ್ದು. ದಂಡಿನ ಶಾಲೆಗಳು ಭಾಷೆಯ ದೃಷ್ಟಿಯಿಂದಲೂ ಕರ್ನಾಟಕದ ಶಾಲೆಗಳಾಗಲು ಬೇಕಿದ್ದ ನ್ಯಾಯವಾದ ಹೆಜ್ಜೆ ಅದು.

ಪ್ರಸಿದ್ಧ ವಿದ್ಯಾರ್ಥಿಗಳು

ಸೈನಿಕರನ್ನು ಬಿಟ್ಟರೆ ಇಲ್ಲಿ ಓದಿದವರಲ್ಲಿ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಪ್ರಮುಖರು. 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅವರು ಪಿಯಾನೊ ನುಡಿಸುವುದರಲ್ಲೂ ಪಳಗಿದ್ದರು. 1974ರ ಮೇ 18ರಂದು ಪೋಖರಣ್‌ನಲ್ಲಿ ನಡೆದ ಭಾರತದ ಮೊದಲ ಅಣುಸ್ಫೋಟದ ಮುಂದಾಳುಗಳಲ್ಲಿ ಅವರೊಬ್ಬರು. ಇನ್ಫೋಸಿಸ್ ಸಹಸಂಸ್ಥಾಪಕ, ಆಧಾರ್ ಯೋಜನೆಯ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಇಲ್ಲಿ ಓದಿದ ಮೇಲೆ ಧಾರವಾಡದಲ್ಲಿ ವ್ಯಾಸಂಗ ಮುಂದುವರಿಸಿದರು.

ಮೌಲ್ಯಮಾಪನ

ಸ್ಥಾಪಕರು ಕಂಡ ಕನಸಿಗೂ ಇಂದಿನ ಶಾಲೆಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಪೆಟಿಗ್ರೂ ಬಯಸಿದ್ದು ಒಂದೇ ಸಮುದಾಯದ ಶಾಲೆ, ಅದರಲ್ಲೂ ಹಣವಿಲ್ಲದವರಿಗೆ ನೆರವಾಗುವ ಶಾಲೆ. ಸಮುದಾಯದ ಬೇಲಿ ಕಳಚಿ ಬಿದ್ದದ್ದು ಲಾಭ. ಆದರೆ ನಗರದ ನಡುವಿನ ಹಳೆಯ ಇಂಗ್ಲಿಷ್ ಶಾಲೆಗಳು ಬೇಡಿಕೆ ಹೆಚ್ಚಿದಂತೆ ಸ್ಥಿತಿವಂತರ ಶಾಲೆಗಳಾದದ್ದೂ ನಿಜ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕು ಕೊಟ್ಟಿದೆ. ಬಡ ಮಕ್ಕಳಿಗೂ ಜಾಗ ಕೊಡಬೇಕೆನ್ನುವ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೀಗಾಗಿ ಬಡ ಮಕ್ಕಳಿಗೆ ಎಷ್ಟು ಜಾಗ ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಕಾನೂನಿನಿಂದ ಬರುವುದಿಲ್ಲ, ಇಂಥ ಶಾಲೆಗಳನ್ನು ನಡೆಸುವ ಚರ್ಚಿನ ಅಂತಃಕರಣದಿಂದ ಬರಬೇಕು. ಗುಮಾಸ್ತನ ಮಗನಿಗಾಗಿ ಶಾಲೆ ತೆರೆದ ಪರಂಪರೆ ಆ ಹೊಣೆಯನ್ನು ಹೊರಲು ಸಮರ್ಥವಾದದ್ದೇ.

ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಕನ್ನಡ ಕಲಿಸಿದ ಮಿಷನ್ ಶಾಲೆಗಳ ಬಗ್ಗೆ ಸಾಕಷ್ಟು ಬರವಣಿಗೆ ನಡೆದಿದೆ. ದಂಡಿನ ಇಂಗ್ಲಿಷ್ ಶಾಲೆಗಳನ್ನು ಹೊರಗಿನವುಗಳೆಂದು ಬದಿಗಿಡುವುದು ರೂಢಿ. ಕೊಡಗಿನ ತೋಟ, ತಮಿಳು ವಿದ್ವತ್ತು, ರೈಲ್ವೆ ನೌಕರಿ, ಸೇನೆ, ವಿಜ್ಞಾನ, ಮಾಹಿತಿ ತಂತ್ರಜ್ಞಾನ ಇವೆಲ್ಲ ಒಂದೇ ಆವರಣದಲ್ಲಿ ಹಾದುಹೋಗಿರುವ ಬಿಷಪ್ ಕಾಟನ್ ಶಾಲೆಯನ್ನು ಬಿಟ್ಟರೆ ಬೆಂಗಳೂರಿನ ಚರಿತ್ರೆ ಅರ್ಧ ಊರಿನ ಚರಿತ್ರೆಯಾಗಿ ಉಳಿಯುತ್ತದೆ.